ಒಂದು ಚೀಟಿಯ ಐದು ಗುಳಿಗೆಗಳು: ಬೆಟಗೇರಿಯ ಮನೆಯೊಂದರ ಔಷಧ ವೆಚ್ಚ ಮತ್ತು ಸರ್ಕಾರದ ಬೆಲೆ ನಿಯಂತ್ರಣ

ಪ್ರಕರಣ

ಗದಗ-ಬೆಟಗೇರಿ ಅವಳಿ ನಗರದ ಬೆಟಗೇರಿ ಭಾಗದಲ್ಲಿರುವ ಒಂದು ನೇಕಾರ ಕುಟುಂಬದ ತಿಂಗಳ ಔಷಧ ಖರ್ಚು ಈ ಅಧ್ಯಯನದ ವಸ್ತು. ಮನೆಯ ಹಿರಿಯರಿಗೆ 67 ವರ್ಷ. ಹತ್ತು ವರ್ಷಕ್ಕೂ ಮಿಕ್ಕಿದ ಸಕ್ಕರೆ ಕಾಯಿಲೆ, ಅದರ ಬೆನ್ನಿಗೆ ಬಂದ ರಕ್ತದೊತ್ತಡ, ಇತ್ತೀಚೆಗೆ ಪಾದಗಳಲ್ಲಿ ಜೋಮು. ಮಗ್ಗದ ಕುಣಿಗೆ ಇಳಿದು ಕೂರುವುದು ಆಗದ ಕಾರಣ ದುಡಿಮೆ ನಿಂತಿದೆ. ಹುಬ್ಬಳ್ಳಿಯ ಖಾಸಗಿ ತಜ್ಞರೊಬ್ಬರ ಬಳಿ ಆಗಾಗ ತೋರಿಸಿಕೊಂಡು ಬರುತ್ತಾರೆ. ಅವರು ಬರೆದುಕೊಟ್ಟ ಚೀಟಿಯಲ್ಲಿ ಐದು ಬಗೆಯ ಗುಳಿಗೆಗಳಿವೆ. ಆ ಐದನ್ನೂ ಗದಗಿನ ಔಷಧ ಅಂಗಡಿಯಲ್ಲಿ ಒಂದು ತಿಂಗಳಿಗೆ ಕೊಂಡರೆ ಎರಡೂವರೆ ಸಾವಿರ ರೂಪಾಯಿಯ ಆಸುಪಾಸು ಆಗುತ್ತದೆ. ಅವರ ಕೈಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಉಳಿದದ್ದನ್ನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಮಗ ತುಂಬುತ್ತಾರೆ. ತುಂಬಲಾಗದ ತಿಂಗಳು ಬಂದರೆ, ಹಿರಿಯರು ಯಾರಿಗೂ ಹೇಳದೆ, ದಿನಕ್ಕೆ ಎರಡು ನುಂಗಬೇಕಾದ ಗುಳಿಗೆಯನ್ನು ಒಂದಕ್ಕೆ ಇಳಿಸುತ್ತಾರೆ.

ಒಂದು ದಿನ ಮಗ ಅಂಗಡಿಯವರನ್ನು ನೇರವಾಗಿ ಕೇಳಿದರು: "ಅಣ್ಣಾರ, ಸರಕಾರ ಗುಳಗಿ ರೇಟ್ ಇಳಿಸೇತಿ ಅಂತ ಪೇಪರಿನ್ಯಾಗ ಬಂದಿತ್ತಲ್ರಿ, ನಮ್ಮ ಬಿಲ್ ಯಾಕ ಇಳಿವಲ್ತು?" ಅಂಗಡಿಯವರು ಕೊಟ್ಟ ಉತ್ತರ ಚಿಕ್ಕದಾದರೂ ಪೂರ್ತಿ ಸರಿಯಾಗಿತ್ತು: "ಇಳಿಸ್ಯಾರ್ರಿ. ಆದ್ರ ನಿಮ್ಮ ಚೀಟಿಯಾಗ ಇರೋ ಗುಳಗಿ ಬಾಳ ಮಟ್ಟಿಗೆ ಆ ಲಿಸ್ಟಿನ್ಯಾಗ ಇಲ್ಲ."

ಕುಟುಂಬದ ಗುರುತು ತಿಳಿಯಬಾರದೆಂದು ಹೆಸರುಗಳನ್ನು ಇಲ್ಲಿ ಬಿಡಲಾಗಿದೆ. ಔಷಧ ಕಂಪನಿಗಳ ಹೆಸರುಗಳನ್ನು ಬಿಟ್ಟಿರುವುದಕ್ಕೆ ಕಾರಣ ಬೇರೆ. ಈ ಪ್ರಕರಣದಲ್ಲಿ ಯಾರೂ ಕಾನೂನು ಮೀರಿಲ್ಲ. ಪೊಟ್ಟಣದ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಒಂದು ರೂಪಾಯಿಯನ್ನೂ ಅಂಗಡಿಯವರು ಹೆಚ್ಚು ಪಡೆದಿಲ್ಲ, ಕಂಪನಿಗಳು ತಮಗೆ ಅನುಮತಿಯಿರುವ ಬೆಲೆಯನ್ನೇ ಅಚ್ಚು ಹಾಕಿವೆ, ವೈದ್ಯರು ಬರೆದ ಔಷಧಗಳು ಕಾಯಿಲೆಗೆ ತಕ್ಕವೇ ಆಗಿವೆ. ಎಲ್ಲರೂ ನಿಯಮದೊಳಗೇ ನಡೆದುಕೊಂಡ ಮೇಲೂ ಒಂದು ಮನೆಯ ಔಷಧ ಖರ್ಚು ಆ ಮನೆಯ ಹಿರಿಯರ ಪಿಂಚಣಿಯ ಎರಡು ಪಟ್ಟು ಆಗುವುದು ಹೇಗೆ ಎಂಬುದೇ ಇಲ್ಲಿ ಬಿಡಿಸಬೇಕಾದ ಪ್ರಶ್ನೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಔಷಧದ ಬೆಲೆಯನ್ನು ಸರ್ಕಾರ ನಿಯಂತ್ರಿಸುವುದು 1955ರ ಅಗತ್ಯ ವಸ್ತುಗಳ ಕಾಯ್ದೆಯ ಬಲದಿಂದ. ಅದರ ಅಡಿಯಲ್ಲಿ ಕಾಲಕಾಲಕ್ಕೆ ಔಷಧ ಬೆಲೆ ನಿಯಂತ್ರಣ ಆದೇಶಗಳು ಬಂದಿವೆ. 1979ರ ಆದೇಶದ ಹಿಡಿತದಲ್ಲಿ 347 ಮೂಲ ಔಷಧಗಳಿದ್ದವು, 1987ರಲ್ಲಿ ಅವು 142ಕ್ಕೆ ಇಳಿದವು, 1995ರಲ್ಲಿ 74ಕ್ಕೆ. ಪಟ್ಟಿ ಇನ್ನೂ ಕುಗ್ಗುವಂತೆ 2002ರ ಔಷಧ ನೀತಿ ರೂಪುಗೊಂಡಾಗ ಅದನ್ನು ಪ್ರಶ್ನಿಸಿದ ಅರ್ಜಿ ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ. ಹೈಕೋರ್ಟು ಆ ವರ್ಷದ ನವೆಂಬರ್‌ನಲ್ಲಿ ನೀತಿಗೆ ತಡೆ ಕೊಟ್ಟಿತು. 2003ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ತೆರವು ಮಾಡಿತಾದರೂ, ಅಗತ್ಯ ಮತ್ತು ಜೀವರಕ್ಷಕ ಔಷಧಗಳು ಬೆಲೆ ನಿಯಂತ್ರಣದಿಂದ ಜಾರಿಹೋಗದಂತೆ ಸೂಕ್ತ ಮಾನದಂಡ ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಇಂದು ಜಾರಿಯಲ್ಲಿರುವ ವ್ಯವಸ್ಥೆಯ ಹಿಂದೆ ಈ ವ್ಯಾಜ್ಯವೂ ಇದೆ ಎಂಬುದನ್ನು ಕನ್ನಡಿಗರು ನೆನಪಿಡಬೇಕು. ನಮ್ಮ ನಾಡಿನ ನ್ಯಾಯಾಲಯದಲ್ಲಿ ಎತ್ತಿದ ಒಂದು ಪ್ರಶ್ನೆ ಇಡೀ ದೇಶದ ಔಷಧ ಪಟ್ಟಿಯನ್ನು ಕಾಪಾಡಲು ನೆರವಾಯಿತು.

ಮುಂದೆ 2012ರ ಬೆಲೆ ನೀತಿ ಬಂತು, ಅದರ ಮೇಲೆ 2013ರ ಮೇ ತಿಂಗಳಲ್ಲಿ ಈಗಿನ ಆದೇಶ ಬಂತು. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇಂತಿಂಥ ರೂಪದಲ್ಲಿ, ಇಂತಿಷ್ಟು ಮಿಲಿಗ್ರಾಂ ಪ್ರಮಾಣದಲ್ಲಿ ನಮೂದಾಗಿರುವ ಔಷಧಗಳಿಗೆ ಮಾತ್ರ ಮಿತಿ ಬೆಲೆ, ಅಂದರೆ ಅದಕ್ಕಿಂತ ಹೆಚ್ಚಿಗೆ ಯಾರೂ ಮಾರಬಾರದೆಂಬ ಬೆಲೆ. ಅದನ್ನು ಗೊತ್ತುಮಾಡುವುದು 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ. ಮೊದಲಿನ ಆದೇಶಗಳಲ್ಲಿ ತಯಾರಿಕೆಯ ವೆಚ್ಚ ಎಷ್ಟು ಎಂದು ನೋಡಿ, ಅದರ ಮೇಲೆ ಇಂತಿಷ್ಟು ಎಂದು ಸೇರಿಸಿ ಬೆಲೆ ಕಟ್ಟುತ್ತಿದ್ದರು. 2013ರಿಂದ ಲೆಕ್ಕದ ಬುಡವೇ ಬದಲಾಯಿತು. ಮಾರುಕಟ್ಟೆಯಲ್ಲಿ ಶೇಕಡಾ 1 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಎಲ್ಲ ಬ್ರ್ಯಾಂಡ್‌ಗಳು ಚಿಲ್ಲರೆ ಅಂಗಡಿಗೆ ಯಾವ ಬೆಲೆಗೆ ಮಾರುತ್ತವೆಯೋ ಅವುಗಳ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಲಾಭವೆಂದು ಶೇಕಡಾ 16 ಸೇರಿಸಿದರೆ ಬರುವುದೇ ಮಿತಿ ಬೆಲೆ. ಜಿಎಸ್‌ಟಿ ಅದರ ಮೇಲೆ ಬೇರೆ. ಲೆಕ್ಕ ತಿಳಿಯಲು ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಒಂದೇ ಔಷಧದ ಮೂರು ಬ್ರ್ಯಾಂಡ್‌ಗಳು ಅಂಗಡಿಗೆ ಗುಳಿಗೆಗೆ 2, 4 ಮತ್ತು 12 ರೂಪಾಯಿಯಂತೆ ಬಂದರೆ ಸರಾಸರಿ 6 ರೂಪಾಯಿ, ಮಿತಿ ಬೆಲೆ 6 ರೂಪಾಯಿ 96 ಪೈಸೆ. ಹನ್ನೆರಡರವನು ಇಳಿಯಬೇಕು, ಎರಡರವನು ಇದ್ದಲ್ಲೇ ಇರಬೇಕು. ಎರಡು ರೂಪಾಯಿಗೂ ಈ ಗುಳಿಗೆಯನ್ನು ಮಾರಬಹುದು ಎಂಬ ಸತ್ಯ ಮಾರುಕಟ್ಟೆಯಲ್ಲೇ ಇದ್ದರೂ, ಹೊಸದಾಗಿ ಬರುವವನು ಏಳು ರೂಪಾಯಿಯ ತನಕ ಕೇಳಲು ಅಡ್ಡಿಯಿಲ್ಲ. ದುಬಾರಿ ಬ್ರ್ಯಾಂಡಿನ ಬೆಲೆಯೂ ಸರಾಸರಿಯಲ್ಲಿ ಸೇರಿಕೊಂಡು ಮಿತಿಯನ್ನು ಮೇಲಕ್ಕೆ ಎಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪದ್ಧತಿಯ ಮೊದಲ ದೌರ್ಬಲ್ಯ ಇದು. ಆದರೆ ಬೆಟಗೇರಿಯ ಚೀಟಿಯ ಮಟ್ಟಿಗೆ ಇದು ದೊಡ್ಡ ದೌರ್ಬಲ್ಯವಲ್ಲ.

ಪಟ್ಟಿಯಲ್ಲಿರುವ ಔಷಧಗಳ ಮಿತಿ ಬೆಲೆ ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕವನ್ನು ಅನುಸರಿಸಿ ಬದಲಾಗುತ್ತದೆ. 2022ರಲ್ಲಿ ಅದು ಶೇಕಡಾ 10.77ರಷ್ಟು, 2023ರಲ್ಲಿ ಶೇಕಡಾ 12.12ರಷ್ಟು ಏರಲು ಅವಕಾಶ ಕೊಟ್ಟಿತು; 2024ರಲ್ಲಿ ಏರಿಕೆ ಇಲ್ಲವೆನ್ನುವಷ್ಟು ಅಲ್ಪ, 2025ರಲ್ಲಿ ಶೇಕಡಾ 1.74. ಪಟ್ಟಿಯ ಹೊರಗಿನ ಔಷಧಗಳಿಗೆ ಮಿತಿ ಬೆಲೆ ಎಂಬುದೇ ಇಲ್ಲ. ಮೊದಲ ಬೆಲೆಯನ್ನು ಕಂಪನಿ ತನಗೆ ತಿಳಿದಂತೆ ಇಡಬಹುದು. ಆಮೇಲೆ ಹನ್ನೆರಡು ತಿಂಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬುದೊಂದೇ ಕಟ್ಟು. ಹೀಗೆ ಪ್ರತಿ ವರ್ಷವೂ ಏರಿಸುತ್ತ ಹೋದರೆ ಎಂಟು ವರ್ಷಗಳಲ್ಲಿ ಬೆಲೆ ಎರಡು ಪಟ್ಟನ್ನು ದಾಟುತ್ತದೆ, ಮತ್ತು ಅದು ಕಾನೂನುಬದ್ಧ.

ಗುಳಿಗೆಯಿಂದ ಗುಳಿಗೆಗೆ

ಚೀಟಿಯ ಐದರಲ್ಲಿ ಪೂರ್ತಿಯಾಗಿ ಮಿತಿ ಬೆಲೆಯೊಳಗೆ ಬರುವುದು ಕೊಬ್ಬಿನಂಶ ತಗ್ಗಿಸುವ ಅಟೋರ್ವಾಸ್ಟಾಟಿನ್ ಒಂದೇ. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬ್ರ್ಯಾಂಡ್ ಯಾವುದಾದರೂ ಮಿತಿ ಒಂದೇ, ಮನೆಯವರು ಕೊಟ್ಟ ಬೆಲೆ ಆ ಮಿತಿಯೊಳಗೇ ಇತ್ತು. ನಿಯಂತ್ರಣ ಕೆಲಸ ಮಾಡುವ ಕಡೆ ಅದು ಸದ್ದಿಲ್ಲದೆ ಕೆಲಸ ಮಾಡುತ್ತದೆ.

ಎರಡನೆಯದು ಸಕ್ಕರೆ ಕಾಯಿಲೆಯ ಮುಖ್ಯ ಗುಳಿಗೆ: ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡನ್ನೂ ಒಂದರಲ್ಲೇ ಸೇರಿಸಿದ ಜೋಡಿ ಗುಳಿಗೆ, ದಿನಕ್ಕೆ ಎರಡು ಬಾರಿ. ಈ ಪ್ರಕರಣದ ಗಂಟು ಇರುವುದು ಇಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಅಗತ್ಯ ಔಷಧಗಳ ಪಟ್ಟಿಯಲ್ಲಿ 384 ಔಷಧಗಳಿವೆ. ಅದರಲ್ಲಿ ಮೆಟ್‌ಫಾರ್ಮಿನ್ ಇದೆ, ಗ್ಲಿಮೆಪಿರೈಡ್ ಇದೆ. ಇವೆರಡರ ಜೋಡಿ ಇಲ್ಲ. ಬಿಡಿಬಿಡಿಯಾಗಿ ಕೊಂಡರೆ ಎರಡಕ್ಕೂ ಮಿತಿ ಬೆಲೆಯ ರಕ್ಷಣೆ ಉಂಟು, ಕೂಡಿಸಿ ಕೊಂಡರೆ ಅದೇ ರಕ್ಷಣೆ ಇಲ್ಲ. ಈ ತೂತು ಕಾನೂನು ಮಾಡಿದವರಿಗೆ ಕಾಣದೇ ಇರಲಿಲ್ಲ. ಆದ್ದರಿಂದಲೇ, ಪಟ್ಟಿಯ ಔಷಧವನ್ನು ಈಗಾಗಲೇ ತಯಾರಿಸುತ್ತಿರುವ ಕಂಪನಿ ಅದಕ್ಕೆ ಇನ್ನೊಂದನ್ನು ಸೇರಿಸಿ ಅಥವಾ ಅದರ ಪ್ರಮಾಣ ಬದಲಿಸಿ ಮಾರುಕಟ್ಟೆಗೆ ತಂದರೆ ಅದನ್ನು "ಹೊಸ ಔಷಧ" ಎಂದು ಪರಿಗಣಿಸಿ, ಅದರ ಚಿಲ್ಲರೆ ಬೆಲೆಗೆ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕೆಂದು 2013ರ ಆದೇಶ ಹೇಳಿತು. ಪ್ರಾಧಿಕಾರದ ಸಭೆಗಳ ನಂತರ ಹೊರಬೀಳುವ ಅಧಿಸೂಚನೆಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಜೋಡಿ ಗುಳಿಗೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಆದರೆ ಹಾಗೆ ನಿಗದಿಯಾದ ಬೆಲೆ ಅರ್ಜಿ ಹಾಕಿದ ಕಂಪನಿಗೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಅದೇ ಜೋಡಿಯನ್ನು ಮಾರುವ ಎಲ್ಲರಿಗೂ ಅಲ್ಲ. 2013ರ ಆದೇಶಕ್ಕಿಂತ ಮೊದಲೇ ಅಂಗಡಿಯಲ್ಲಿದ್ದ ಬ್ರ್ಯಾಂಡ್‌ಗಳಿಗೆ ಅದು ತಾಗುವುದಿಲ್ಲ. ಪಟ್ಟಿಯ ಬಿಡಿ ಔಷಧವನ್ನೇ ತಯಾರಿಸದ ಕಂಪನಿಗೂ ತಾಗುವುದಿಲ್ಲ. ಬೆಟಗೇರಿಯ ಹಿರಿಯರು ನುಂಗುತ್ತಿದ್ದ ಬ್ರ್ಯಾಂಡು ಹಳೆಯದು, ಹೆಸರುವಾಸಿಯಾದದ್ದು, ವರ್ಷಕ್ಕೆ ಶೇಕಡಾ 10ರ ದಾರಿಯಲ್ಲಿ ನಡೆದುಬಂದದ್ದು.

ಜೋಡಿ ಗುಳಿಗೆಗಳೆಲ್ಲ ಲಾಭಕ್ಕಾಗಿ ಹುಟ್ಟಿದವು ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ ಆರು ಗುಳಿಗೆ ನುಂಗಬೇಕಾದ ವೃದ್ಧರಿಗೆ ಮೂರೇ ಸಾಕಾದರೆ ತಪ್ಪಿಸುವುದು ಕಡಿಮೆಯಾಗುತ್ತದೆ, ಕಾಯಿಲೆ ಹಿಡಿತದಲ್ಲಿರುತ್ತದೆ. ಚೀಟಿಯ ಮೂರನೆಯ ಗುಳಿಗೆಯಾದ ಟೆಲ್ಮಿಸಾರ್ಟಾನ್ ಮತ್ತು ಅಮ್ಲೋಡಿಪಿನ್ ಜೋಡಿಯ ವಿಷಯದಲ್ಲಿ ಇದು ಸ್ಪಷ್ಟ. ರಕ್ತದೊತ್ತಡದ ಇಂಥ ಜೋಡಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಅಗತ್ಯ ಔಷಧಗಳ ಮಾದರಿ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮ ಪಟ್ಟಿಯಲ್ಲಿ ಎರಡೂ ಬಿಡಿಬಿಡಿಯಾಗಿ ಮಾತ್ರ ಇವೆ. ವೈದ್ಯಶಾಸ್ತ್ರ ಒಪ್ಪಿದ ರೂಪವನ್ನು ಬೆಲೆ ಶಾಸ್ತ್ರ ಇನ್ನೂ ಗುರುತಿಸಿಲ್ಲ.

ನಾಲ್ಕನೆಯದು ಸಕ್ಕರೆ ಕಾಯಿಲೆಯದೇ ಇನ್ನೊಂದು ಗುಳಿಗೆ, ಸಿಟಾಗ್ಲಿಪ್ಟಿನ್. ಇದು ಪಟ್ಟಿಯಲ್ಲಿಲ್ಲ. ಇದರ ಬೆಲೆಯ ಕಥೆಯಲ್ಲಿ ನಿಯಂತ್ರಣಕ್ಕಿಂತ ದೊಡ್ಡ ಪಾತ್ರ ಪೇಟೆಂಟಿನದು. 2022ರ ಜುಲೈನಲ್ಲಿ ಪೇಟೆಂಟ್ ಮುಗಿಯುವ ತನಕ ಸ್ಪರ್ಧೆಗೆ ಹೆಚ್ಚು ಜಾಗವಿರಲಿಲ್ಲ. ಮುಗಿದ ಕೂಡಲೇ ಹತ್ತಾರು ಕಂಪನಿಗಳು ಅದನ್ನು ತಂದವು. ಅದೇ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಅಗ್ಗದ ಔಷಧ ಮಳಿಗೆಗಳಾದ ಜನೌಷಧಿ ಕೇಂದ್ರಗಳಲ್ಲಿ 50 ಮಿಲಿಗ್ರಾಂನ ಹತ್ತು ಗುಳಿಗೆಗಳನ್ನು 60 ರೂಪಾಯಿಗೆ, 100 ಮಿಲಿಗ್ರಾಂನ ಹತ್ತನ್ನು 100 ರೂಪಾಯಿಗೆ ಕೊಡಲು ಆರಂಭಿಸಿದರು. ಆಗ ಹೆಸರುವಾಸಿ ಬ್ರ್ಯಾಂಡ್‌ಗಳ ಬೆಲೆ 162ರಿಂದ 258 ರೂಪಾಯಿಯ ತನಕ ಇದೆಯೆಂದು ಕೇಂದ್ರ ಸರ್ಕಾರದ ಪ್ರಕಟಣೆಯೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಇನ್ನೊಂದು ಸಕ್ಕರೆ ಕಾಯಿಲೆಯ ಔಷಧದ ಪೇಟೆಂಟ್ ಮುಗಿದಾಗಲೂ ಇದೇ ಆಯಿತು. ಗುಳಿಗೆಗೆ 60 ರೂಪಾಯಿಯ ಸುತ್ತ ಇದ್ದದ್ದು ಹೊಸ ಬ್ರ್ಯಾಂಡ್‌ಗಳಲ್ಲಿ ಹತ್ತು ರೂಪಾಯಿಗಿಂತ ಕೆಳಗೆ ಸಿಗತೊಡಗಿತು. ಯಾವ ಬೆಲೆ ಆದೇಶವೂ ಇಷ್ಟು ಬೇಗ, ಇಷ್ಟು ದೊಡ್ಡ ಇಳಿಕೆ ತಂದದ್ದನ್ನು ನಾನು ಕಂಡಿಲ್ಲ.

ಸಿಟಾಗ್ಲಿಪ್ಟಿನ್ ಬೇರೆ ದೇಶಗಳಲ್ಲೂ ಸರ್ಕಾರಗಳ ಗಮನ ಸೆಳೆದ ಔಷಧ. ಅಮೆರಿಕದಲ್ಲಿ ಹಿರಿಯ ನಾಗರಿಕರ ಸರ್ಕಾರಿ ವಿಮೆಗೆ ಔಷಧದ ಬೆಲೆ ಚೌಕಾಸಿ ಮಾಡುವ ಅಧಿಕಾರ ಸಿಕ್ಕಿದ್ದು 2022ರ ಕಾನೂನಿನಿಂದ. ಮೊದಲ ಸುತ್ತಿನ ಹತ್ತು ಔಷಧಗಳಲ್ಲಿ ಸಿಟಾಗ್ಲಿಪ್ಟಿನ್‌ನ ಮೂಲ ಬ್ರ್ಯಾಂಡೂ ಒಂದು. ಒಂದು ತಿಂಗಳ ಪಟ್ಟಿ ಬೆಲೆ 527 ಡಾಲರ್ ಇದ್ದದ್ದನ್ನು 113 ಡಾಲರಿಗೆ ಒಪ್ಪಿಸಲಾಯಿತು. ಆ ಬೆಲೆ ಜಾರಿಗೆ ಬರುವ ದಿನವೆಂದು 2026ರ ಜನವರಿ 1ನ್ನು ಗೊತ್ತುಮಾಡಿದರು. ಜರ್ಮನಿಯದು ಇನ್ನೊಂದು ದಾರಿ. ಅಲ್ಲಿ 1989ರಿಂದಲೂ ಒಂದೇ ಬಗೆಯ ಕೆಲಸ ಮಾಡುವ ಔಷಧಗಳನ್ನು ಒಂದು ಗುಂಪು ಮಾಡಿ, ಇಡೀ ಗುಂಪಿಗೆ ವಿಮೆ ಕೊಡುವ ಮೊತ್ತಕ್ಕೆ ಮಿತಿ ಹಾಕುತ್ತಾರೆ. ಕಂಪನಿ ಅದಕ್ಕಿಂತ ಹೆಚ್ಚು ಕೇಳಿದರೆ ರೋಗಿ ಬೇರೆ ಬ್ರ್ಯಾಂಡಿಗೆ ಹೋಗುತ್ತಾನೆ, ಆದ್ದರಿಂದ ಕಂಪನಿಯೇ ಇಳಿಯುತ್ತದೆ. ಈ ಎರಡೂ ದೇಶಗಳಲ್ಲಿ ಬೆಲೆಯನ್ನು ತಗ್ಗಿಸುವ ಶಕ್ತಿ ಬರುವುದು, ಹಣ ಕೊಡುವವನು ದೊಡ್ಡವನಾಗಿರುವುದರಿಂದ. ಗದಗಿನ ಅಂಗಡಿಯ ಮುಂದೆ ಹಣ ಕೊಡುವವನು ಬಟ್ಟೆ ಅಂಗಡಿಯ ಒಬ್ಬ ನೌಕರ. ನಮ್ಮ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ನೇರವಾಗಿ ಕೊಡುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2021-22ಕ್ಕೆ ಶೇಕಡಾ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ತೋರಿಸುತ್ತದೆ. ಇಳಿಕೆ ಸ್ವಾಗತಾರ್ಹ. ಆದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಂಥ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ತಿಂಗಳು ತಿಂಗಳೂ ಅಂಗಡಿಯಿಂದ ತರುವ ಗುಳಿಗೆಗೆ ಈ ಮನೆಯಲ್ಲಿ ಯಾವ ವಿಮೆಯೂ ಇಲ್ಲ.

ಐದನೆಯದು, ಪಾದದ ಜೋಮಿಗೆಂದು ಬರೆದ "ನರದ ಗುಳಗಿ". ಹತ್ತಾರು ವಿಟಮಿನ್, ಖನಿಜಗಳನ್ನು ಕೂಡಿಸಿದ ಕ್ಯಾಪ್ಸೂಲ್ ಅದು. ಚೀಟಿಯಲ್ಲಿ ಔಷಧದಂತೆ ಬರೆದಿದ್ದರೂ, ಔಷಧ ಅಂಗಡಿಯಲ್ಲೇ ಮಾರಾಟವಾದರೂ, ಪೊಟ್ಟಣದ ಮೇಲೆ ಇದ್ದದ್ದು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಅದು ಪೂರಕ ಆಹಾರ. ಔಷಧ ಬೆಲೆ ಆದೇಶದ ಮಿತಿಯೂ ಇಲ್ಲ, ಶೇಕಡಾ 10ರ ಕಟ್ಟೂ ಇಲ್ಲ. ಒಟ್ಟು ಬಿಲ್ಲಿನ ಐದನೆಯ ಒಂದು ಭಾಗದಷ್ಟನ್ನು ಈ ಒಂದು ಕ್ಯಾಪ್ಸೂಲ್ ತಿನ್ನುತ್ತಿತ್ತು. ರೋಗಿಯ ಮನೆಯವರಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ ಎಂಬುದು ನನಗೆ ತೀವ್ರವಾಗಿ ನೋವು ತಂದ ಸಂಗತಿ. ವೈದ್ಯರು ಬರೆದದ್ದೆಲ್ಲ ಔಷಧವೇ ಎಂದು ನಂಬುವುದರಲ್ಲಿ ಅವರ ತಪ್ಪೇನಿದೆ?

ಅಂಗಡಿಯವರ ಕೈ ಕಟ್ಟಿರುವ ನಿಯಮ

ಅಂಗಡಿಯವರೇ ಅಗ್ಗದ ಬ್ರ್ಯಾಂಡ್ ಕೊಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಕೊಡುವಂತಿಲ್ಲ. 1945ರ ಔಷಧ ನಿಯಮಗಳ 65ನೆಯ ನಿಯಮದಲ್ಲಿ, ಎಚ್ ಅನುಸೂಚಿಯ (ವೈದ್ಯರ ಚೀಟಿಯಿಲ್ಲದೆ ಮಾರಬಾರದ) ಔಷಧಗಳ ಚೀಟಿಗೆ ಬದಲಾಗಿ ಬೇರೊಂದು ತಯಾರಿಕೆಯನ್ನು, ಅದರಲ್ಲಿರುವ ಔಷಧಾಂಶ ಅದೇ ಆಗಿದ್ದರೂ, ಕೊಡಬಾರದೆಂದು ಸ್ಪಷ್ಟವಾಗಿ ಹೇಳಿದೆ. ಈ ಮನೆಯ ಮೊದಲ ನಾಲ್ಕು ಗುಳಿಗೆಗಳು ಆ ಅನುಸೂಚಿಗೆ ಸೇರಿದವು. ವೈದ್ಯರು ಬ್ರ್ಯಾಂಡ್ ಹೆಸರು ಬರೆದರೆ ಅಂಗಡಿಯವರು ಆ ಬ್ರ್ಯಾಂಡನ್ನೇ ಕೊಡಬೇಕು, ಇಲ್ಲವೆ ಇಲ್ಲ ಎನ್ನಬೇಕು. ಬೇರೆ ಸರಕುಗಳಲ್ಲಿ ಬೆಲೆ ನೋಡಿ ಆರಿಸುವವನು ಕೊಳ್ಳುವವನೇ ಆಗಿರುತ್ತಾನೆ. ಇಲ್ಲಿ ಆರಿಸುವವರು ವೈದ್ಯರು, ಹಣ ಕೊಡುವವರು ರೋಗಿ, ಮತ್ತು ಇಬ್ಬರ ನಡುವೆ ನಿಂತ ಅಂಗಡಿಯವರಿಗೆ ಆಯ್ಕೆಯ ಹಕ್ಕಿಲ್ಲ. ಬೆಲೆ ನಿಯಂತ್ರಣದ ಚರ್ಚೆಯಲ್ಲಿ ಈ ನಿಯಮದ ಹೆಸರೇ ಬರುವುದಿಲ್ಲ. ನನಗೆ ಇದು ಮಿತಿ ಬೆಲೆಯ ಲೆಕ್ಕಾಚಾರಕ್ಕಿಂತಲೂ ಮುಖ್ಯವೆನಿಸುತ್ತದೆ, ಏಕೆಂದರೆ ಔಷಧದ ಮೇಲೆ ಒಂದು ಮನೆ ಎಷ್ಟು ಖರ್ಚು ಮಾಡುತ್ತದೆ ಎಂಬುದು ತೀರ್ಮಾನವಾಗುವುದು ಚೀಟಿ ಬರೆಯುವ ಆ ಎರಡು ನಿಮಿಷಗಳಲ್ಲಿ.

ಆ ಎರಡು ನಿಮಿಷಗಳನ್ನು ಕಾನೂನು ಮುಟ್ಟಲು ಯತ್ನಿಸಿದ್ದೂ ಉಂಟು. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯರೆಲ್ಲ ಜೆನೆರಿಕ್ ಹೆಸರಿನಲ್ಲಿ, ಅಂದರೆ ಬ್ರ್ಯಾಂಡಿನ ಬದಲು ಔಷಧಾಂಶದ ಹೆಸರಿನಲ್ಲಿ, ಬರೆಯಬೇಕೆಂಬ ನಿಯಮಾವಳಿ ಹೊರಡಿಸಿತು. ವೈದ್ಯರ ಸಂಘಟನೆಗಳು ವಿರೋಧಿಸಿದ ಮೇಲೆ ಅದೇ ತಿಂಗಳ 23ರಂದು ಅದನ್ನು ತಡೆಹಿಡಿಯಿತು. 2024ರ ಮಾರ್ಚ್‌ನಲ್ಲಿ ಔಷಧ ಕಂಪನಿಗಳ ಪ್ರಚಾರ ಪದ್ಧತಿಗೆ ಏಕರೂಪ ಸಂಹಿತೆ ಬಂತು. ವೈದ್ಯರಿಗೆ ಉಡುಗೊರೆ, ಪ್ರವಾಸ ಕೊಡುವುದನ್ನು ಅದು ನಿಷೇಧಿಸುತ್ತದೆ. ವೈದ್ಯರ ಆತಂಕದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಎಲ್ಲ ಜೆನೆರಿಕ್‌ಗಳ ಗುಣಮಟ್ಟ ಸಮನಾಗಿದೆ ಎಂಬ ಭರವಸೆ ಇಲ್ಲದಿದ್ದಾಗ, ಬ್ರ್ಯಾಂಡನ್ನು ಆರಿಸುವ ಹಕ್ಕನ್ನು ಅಂಗಡಿಗೆ ಬಿಟ್ಟರೆ ತಮ್ಮ ರೋಗಿಯ ಹೊಣೆ ಯಾರದು ಎಂದು ಅವರು ಕೇಳುತ್ತಾರೆ. ಅಂಗಡಿಗೆ ಹೆಚ್ಚು ಲಾಭ ಬಿಡುವ, ಎಂಆರ್‌ಪಿ ದೊಡ್ಡದಾಗಿ ಅಚ್ಚಾದ ಜೆನೆರಿಕ್‌ಗಳೂ ಇವೆ. ಅಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ ಅಂಗಡಿಯಲ್ಲೇ ಉಳಿಯುತ್ತದೆ, ರೋಗಿಗೆ ತಲುಪುವುದಿಲ್ಲ.

ಏನು ಮಾಡಲಾಯಿತು

ಮಗ ಮತ್ತು ಸೊಸೆ ಚೀಟಿ ಹಿಡಿದು ಹುಬ್ಬಳ್ಳಿಗೆ ಹೋಗಿ, ಖರ್ಚು ತಾಳಲಾಗದೆ ಹಿರಿಯರು ಗುಳಿಗೆ ತಪ್ಪಿಸುತ್ತಿರುವುದನ್ನು ಮುಚ್ಚಿಡದೆ ಹೇಳಿದರು. ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಂಡರು. ಅದುವರೆಗೆ ಯಾರೂ ಈ ಮಾತು ತಮಗೆ ಹೇಳಿರಲಿಲ್ಲ ಎಂದರಂತೆ. ಚೀಟಿಯನ್ನು ಜೆನೆರಿಕ್ ಹೆಸರಿನಲ್ಲಿ ಮತ್ತೆ ಬರೆದರು. ಮೆಟ್‌ಫಾರ್ಮಿನ್ ಬಹಳ ಕಾಲ ತೆಗೆದುಕೊಂಡವರಲ್ಲಿ ಬಿ12 ಕೊರತೆ ಬರಬಹುದಾದ್ದರಿಂದ ಅದರ ರಕ್ತಪರೀಕ್ಷೆ ಮಾಡಿಸಿ, ಹತ್ತಾರು ಅಂಶಗಳ ಕ್ಯಾಪ್ಸೂಲ್ ಬಿಡಿಸಿ, ಬಿ12 ಒಂದನ್ನೇ ಕೊಟ್ಟರು. ಸಕ್ಕರೆಯ ಜೋಡಿ ಗುಳಿಗೆ ಮತ್ತು ಸಿಟಾಗ್ಲಿಪ್ಟಿನ್ ಎರಡನ್ನೂ ಜನೌಷಧಿ ಕೇಂದ್ರದಿಂದ ತರಲು ಒಪ್ಪಿದರು. ಟೆಲ್ಮಿಸಾರ್ಟಾನ್-ಅಮ್ಲೋಡಿಪಿನ್ ಜೋಡಿಯನ್ನು ಮಾತ್ರ ಹಳೆಯ ಬ್ರ್ಯಾಂಡಿನಲ್ಲೇ ಮುಂದುವರಿಸಲು ಹೇಳಿದರು. ರಕ್ತದೊತ್ತಡ ಬಹಳ ಕಷ್ಟಪಟ್ಟು ಹಿಡಿತಕ್ಕೆ ಬಂದಿದೆ, ಅದನ್ನು ಈಗ ಕದಲಿಸುವುದು ಬೇಡ ಎಂಬುದು ಅವರ ನಿಲುವು. ಇದು ವೈದ್ಯರ ನಿರ್ಧಾರವೇ ಹೊರತು ಮನೆಯವರದಲ್ಲ. ಗುಳಿಗೆಗಳನ್ನು ತಾವಾಗಿಯೇ ಬದಲಿಸುವ, ಬಿಡುವ ಸಾಹಸ ಯಾರೂ ಮಾಡಬಾರದು.

ತಿಂಗಳ ಬಿಲ್ಲು ಸಾವಿರ ರೂಪಾಯಿಯೊಳಗೆ ಬಂತು. ಅದಾಗಿ ಕೆಲವು ತಿಂಗಳ ನಂತರ ಜನೌಷಧಿ ಕೇಂದ್ರದಲ್ಲಿ ಸಿಟಾಗ್ಲಿಪ್ಟಿನ್ ದಾಸ್ತಾನು ಮುಗಿದು, ಹಳೆಯ ಬ್ರ್ಯಾಂಡನ್ನೇ ಕೊಳ್ಳಬೇಕಾಯಿತು. 2008ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ಮೊದಲ ಮಳಿಗೆಯಿಂದ ಆರಂಭವಾದ ಈ ಯೋಜನೆ 2025ರ ಜನವರಿಯ ಹೊತ್ತಿಗೆ 15,000 ಕೇಂದ್ರಗಳಿಗೆ ಬೆಳೆದಿದೆ. ಹೆಸರುವಾಸಿ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬುದು ಅದರ ಬೆಲೆ ಸೂತ್ರ. ಸೂತ್ರ ಒಳ್ಳೆಯದು, ಆದರೆ ಕೇಂದ್ರದಲ್ಲಿ ಗುಳಿಗೆಯೇ ಇಲ್ಲದ ತಿಂಗಳು ಸೂತ್ರದಿಂದ ಪ್ರಯೋಜನವಿಲ್ಲ. ಕರ್ನಾಟಕ ಸರ್ಕಾರ 2025ರ ಮೇ ತಿಂಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತವಾಗಿ ಸಿಗಬೇಕಾದ್ದರಿಂದ ಅವುಗಳ ಆವರಣದಲ್ಲಿ ಮಾರಾಟದ ಮಳಿಗೆ ಬೇಡವೆಂದು ಜನೌಷಧಿ ಕೇಂದ್ರಗಳನ್ನು ತೆರವು ಮಾಡಲು ಹೊರಟಿತು. ಕೇಂದ್ರ ನಡೆಸುವವರು ಹೈಕೋರ್ಟಿಗೆ ಹೋದರು. ಉಚಿತವಾಗಿ ಕೊಡಬೇಕೆಂಬ ತತ್ವವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಉಚಿತ ಕಿಟಕಿಯಲ್ಲಿ ಗುಳಿಗೆ ಖಚಿತವಾಗುವ ಮುನ್ನ ಅಗ್ಗದ ಕಿಟಕಿ ಮುಚ್ಚಿದರೆ ರೋಗಿ ಹೋಗುವುದು ರಸ್ತೆಯ ಆಚೆಯ ಅಂಗಡಿಗೆ.

ಉಚಿತ ಕಿಟಕಿಯನ್ನೂ ಈ ಕುಟುಂಬ ಪ್ರಯತ್ನಿಸಿದೆ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೆಟ್‌ಫಾರ್ಮಿನ್, ಅಮ್ಲೋಡಿಪಿನ್, ಅಟೋರ್ವಾಸ್ಟಾಟಿನ್ ಸಿಕ್ಕವು, ಒಮ್ಮೊಮ್ಮೆ ಹದಿನೈದು ದಿನಕ್ಕೆ ಮಾತ್ರ. ಮತ್ತೆ ಹೋಗಲು ಮಗ ರಜೆ ಹಾಕಿದರೆ ಒಂದು ದಿನದ ಪಗಾರ ಹೋಗುತ್ತದೆ. ಉಳಿತಾಯ ಅಲ್ಲಿಗೇ ಕರಗಿತು.

ಸರ್ಕಾರವೇ ಕೊಳ್ಳುವವನಾದಾಗ

ಮಿತಿ ಬೆಲೆಯನ್ನು ಎಲ್ಲ ಔಷಧಗಳಿಗೂ ಹಾಕಿಬಿಟ್ಟರೆ ಆಯಿತಲ್ಲ ಎಂಬ ವಾದವನ್ನು ಎಚ್ಚರಿಕೆಯಿಂದ ನೋಡಬೇಕು. ಬೆಲೆ ತೀರ ಕೆಳಗಿದ್ದರೆ ತಯಾರಕರು ಆ ಔಷಧವನ್ನೇ ಬಿಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರವೇ ಬೆಂಜೈಲ್ ಪೆನಿಸಿಲಿನ್, ಅಟ್ರೋಪಿನ್, ಸಾಲ್ಬುಟಮಾಲ್, ಲಿಥಿಯಂ ಸೇರಿ ಎಂಟು ಔಷಧಗಳ ಹನ್ನೊಂದು ರೂಪಗಳ ಮಿತಿ ಬೆಲೆಯನ್ನು ಶೇಕಡಾ 50ರಷ್ಟು ಏರಿಸಬೇಕಾಯಿತು, ಇಲ್ಲವಾದರೆ ಅವು ಮಾರುಕಟ್ಟೆಯಲ್ಲಿ ಸಿಗದೇ ಹೋಗುವ ಭಯವಿತ್ತು. ಮತ್ತೊಂದು ಕಡೆ, 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಾಗ 112 ರೂಪಾಯಿಯ ಪೊಟ್ಟಣ 105 ರೂಪಾಯಿಗೆ ಬಂತು. ಇದು ಎಲ್ಲರಿಗೂ ಸಿಕ್ಕ, ಆದರೆ ಸಣ್ಣ ನೆಮ್ಮದಿ.

ದೊಡ್ಡ ನೆಮ್ಮದಿಯ ದಾರಿ ಬೇರೆ. ತಮಿಳುನಾಡು 1994ರಲ್ಲಿ ತನ್ನ ವೈದ್ಯಕೀಯ ಸೇವಾ ನಿಗಮವನ್ನು ಸ್ಥಾಪಿಸಿ, ಇಡೀ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಔಷಧವನ್ನು ಒಟ್ಟಾಗಿ, ಜೆನೆರಿಕ್ ಹೆಸರಿನಲ್ಲಿ, ಟೆಂಡರ್ ಮೂಲಕ ಕೊಂಡು, ಪ್ರತಿ ಬ್ಯಾಚನ್ನೂ ಪರೀಕ್ಷೆಗೆ ಕಳಿಸಿದ ಮೇಲೆಯೇ ಗೋದಾಮಿನಿಂದ ಬಿಡುವ ಪದ್ಧತಿ ಕಟ್ಟಿತು. ನಮ್ಮಲ್ಲೂ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಿದೆ. ಆದರೆ ಅಗ್ಗವೊಂದೇ ಗುರಿಯಾದರೆ ಏನಾಗಬಹುದೆಂಬ ಕಠೋರ ಎಚ್ಚರಿಕೆಯೂ ನಮ್ಮ ರಾಜ್ಯದ್ದೇ: 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾವಿಗೀಡಾದಾಗ, ಸರ್ಕಾರಿ ಪೂರೈಕೆಯ ಡ್ರಿಪ್ ದ್ರಾವಣದ ಗುಣಮಟ್ಟವೇ ರಾಜ್ಯದ ಮುಂದೆ ಪ್ರಶ್ನೆಯಾಗಿ ನಿಂತಿತು. ಪರೀಕ್ಷೆಯ ಖರ್ಚನ್ನು ಔಷಧದ ಬೆಲೆಯ ಭಾಗವೆಂದೇ ಎಣಿಸಬೇಕು. ಅದನ್ನು ಉಳಿಸಿ ಇಳಿಸಿದ ಬೆಲೆಯನ್ನು ನಾನು ಇಳಿಕೆ ಎಂದು ಕರೆಯಲಾರೆ.

ಬೆಟಗೇರಿಯ ಮನೆಗೆ ಬೇಕಾಗಿರುವುದು ಎರಡು ನಿರ್ದಿಷ್ಟ ಬದಲಾವಣೆಗಳು. ಪೇಟೆಂಟ್ ಮುಗಿದು ಅಗ್ಗವಾಗಿರುವ ಸಿಟಾಗ್ಲಿಪ್ಟಿನ್‌ನಂಥ ಗುಳಿಗೆಗಳನ್ನು ರಾಜ್ಯದ ನಿಗಮ ಸಗಟಾಗಿ ಕೊಂಡು, ದೀರ್ಘ ಕಾಯಿಲೆಯವರಿಗೆ ಒಮ್ಮೆಗೇ ಎರಡು ಅಥವಾ ಮೂರು ತಿಂಗಳಿಗಾಗುವಷ್ಟು, ಮನೆಯ ಹತ್ತಿರದ, ರಾಜ್ಯ ಸರ್ಕಾರದ "ನಮ್ಮ ಕ್ಲಿನಿಕ್" ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬೇಕು. ಅಗತ್ಯ ಔಷಧಗಳ ಪಟ್ಟಿಯ ಮುಂದಿನ ಪರಿಷ್ಕರಣೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಒಪ್ಪಿರುವ ರಕ್ತದೊತ್ತಡದ ಜೋಡಿಗಳನ್ನು ಸೇರಿಸಬೇಕು. ಈಗ ಆ ಮನೆಯ ಬಿಲ್ಲಿನಲ್ಲಿ ಅತಿ ದೊಡ್ಡ ಮೊತ್ತ ಆ ಜೋಡಿ ಗುಳಿಗೆಯದೇ. ಅದು ಪಟ್ಟಿಗೆ ಸೇರಿದ ದಿನ ವೈದ್ಯರು ಬ್ರ್ಯಾಂಡ್ ಬದಲಿಸಬೇಕಿಲ್ಲ, ಹಿರಿಯರು ಗುಳಿಗೆ ಬದಲಿಸಬೇಕಿಲ್ಲ. ಬದಲಾಗಬೇಕಾದ್ದು ಪೊಟ್ಟಣದ ಮೇಲೆ ಅಚ್ಚಾಗುವ ಎಂಆರ್‌ಪಿ ಮಾತ್ರ.